ಮೂರು ಸೆಕೆಂಡಿನ ದನಿ

ಮುಜಾಫರ್ ಚಾಚಾ ಗಾಜಿನ ಮೇಜಿನ ಮೇಲೆ ಎರಡು ಸರ್ಕ್ಯೂಟ್ ಬೋರ್ಡುಗಳನ್ನಿಟ್ಟರು. ಒಂದು ಬಿಸ್ಕೀಟಿನಷ್ಟು, ಇನ್ನೊಂದು ಅದರ ಅರ್ಧ.

"ದೊಡ್ಡದು ಬರ್ದಿದ್ದನ್ನ ಓದ್ತದ ನೋಡು ಬೇಟಿ. ಸಣ್ಣದಕ್ಕ ಓದಾಕ ಬರಂಗಿಲ್ಲ. ತುಂಬಿದ ದನಿ ತಿರುಗಿ ಕೇಳಸ್ತದ, ಅದೂ ಮೂರೇ ಸೆಕೆಂಡ್. ಭಾಳ ಸಸ್ತಾ."

ಜಯಮಾಲಾ ಬಸವಕಲ್ಯಾಣದಿಂದ ಬಸ್ಸು ಹಿಡಿದು ಹುಮನಾಬಾದಿನಲ್ಲಿ ಚಾಚಾರ ಈ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬಂದದ್ದೇ ದೊಡ್ಡದಕ್ಕಾಗಿ. ಅಜ್ಜಿ ಮಾಣಿಕಮ್ಮ ತೀರಿಕೊಂಡು ಎಂಟು ತಿಂಗಳು. ಕಳೆದುಹೋದ ಗೆಜ್ಜೆ ಹುಡುಕಿ ಹೊರಟ ರಾಜಕುಮಾರಿಯ ಕತೆಯನ್ನು ಅಜ್ಜಿಯ ಬಾಯಿಂದ ಇನ್ನೊಮ್ಮೆ ಕೇಳಬೇಕು, ಈ ಸಲ ಪೂರ್ತಿ. ಸಣ್ಣವಳಿದ್ದಾಗ ರಾಜಕುಮಾರಿ ಹೊಳೆ ದಂಡೆಗೆ ಬರುವಷ್ಟರಲ್ಲಿ ಇವಳಿಗೆ ನಿದ್ದೆ ಹತ್ತಿರುತ್ತಿತ್ತು. ಇವಳು ಹೂಂಗುಟ್ಟುವುದು ನಿಂತಿತೆಂದರೆ ಅಜ್ಜಿಯ ಕತೆಯೂ ನಿಂತಿತು. "ಹೂಂ ಅನ್ನೋರಿಲ್ದ ಆಕಿ ಹೊಳಿ ದಾಟಂಗಿಲ್ಲವ್ವ," ಅನ್ನುತ್ತಿದ್ದಳು ಮರುದಿನ.

ಚಾಚಾ ದೊಡ್ಡ ಬೋರ್ಡಿಗೆ ಸ್ಪೀಕರ್ ಸಿಕ್ಕಿಸಿ, ಅವಳು ಹೇಳಿದ ಕತೆಯ ಮೊದಲ ಸಾಲನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದರು. ಬೋರ್ಡು ಓದಿತು. ತಗಡಿನ ಡಬ್ಬಿಯಲ್ಲಿ ಉಸುಕು ಅಲ್ಲಾಡಿಸಿದಂಥ ದನಿ.

"ನಮ್ಮಜ್ಜಿ ಹಿಂಗ ಮಾತಾಡ್ತಿದ್ದಿಲ್ರಿ."

"ಈ ರೇಟಿಗೆ ಮಾತು ಬರ್ತದ ಬೇಟಿ, ಮನುಷ್ಯಾ ಬರಂಗಿಲ್ಲ."

"ಹೋಗ್ಲಿ ಬಿಡ್ರಿ. ಹೊಳಿ ಆಚಿಗೆ ಏನಾತಂತ ಹೇಳ್ತದೇನ್ರಿ?"

"ಏನ್ ಕೇಳಾಕತ್ತೀ ಹುಚ್ಚಿ! ನೀ ಬರ್ದಷ್ಟೇ ಓದ್ತದ." ಚಾಚಾ ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು. "ಅಜ್ಜಿ ದನಿ ಎಲ್ಲೂ ಉಳಿದಿಲ್ಲೇನು?"

ಉಳಿದಿತ್ತು. ಆಸ್ಪತ್ರೆಯಲ್ಲಿ ಕಡೆಯ ವಾರ ಅಜ್ಜಿಗೆ ಮಾತು ಬಿದ್ದುಹೋದಾಗ ಅದೇ ಕತೆಯನ್ನು ಜಯಮಾಲಾ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಅದರಲ್ಲಿ ಇದ್ದದ್ದು ಇವಳದೇ ದನಿ, ನಡುನಡುವೆ ಅಜ್ಜಿಯದೊಂದು 'ಹೂಂ'. ಹೊಳೆ ದಂಡೆಗೆ ಬಂದು ಇವಳು ಸುಮ್ಮನಾಗಿದ್ದಳು, ಮುಂದಿನದು ಗೊತ್ತಿದ್ದರಲ್ಲವೆ? ಅಜ್ಜಿ ಮಾತ್ರ ಕಾಯುತ್ತ ಮಲಗಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಇನ್ನೊಮ್ಮೆ 'ಹೂಂ' ಅಂದಿದ್ದಳು.

ಜಯಮಾಲಾ ಸಣ್ಣ ಬೋರ್ಡನ್ನು ಬೆರಳಿನಿಂದ ತನ್ನ ಕಡೆಗೆ ಎಳೆದುಕೊಂಡಳು.

"ಇದ್ರಾಗ ಒಂದು ಹೂಂ ಹಿಡಿಸ್ತದೇನ್ರಿ?"

"ಮೂರು ಹಿಡಿಸ್ತಾವ."

"ಒಂದ ಸಾಕ್ರಿ. ಕಡೀದು."

ಚಾಚಾ ಫೋನಿನಿಂದ ಆ ಹೂಂ ಅಷ್ಟನ್ನೇ ಕತ್ತರಿಸಿ ಬೋರ್ಡಿಗೆ ತುಂಬಿದರು, ಒಂದು ಕೆಂಪು ಗುಂಡಿ ಬೆಸೆದು ಕೊಟ್ಟರು. ಜಯಮಾಲಾ ಅಲ್ಲೇ ನಿಂತು, "ರಾಜಕುಮಾರಿ ಹೊಳಿ ದಂಡಿಗೆ ಬಂದ್ಳು," ಅಂದು ಗುಂಡಿ ಒತ್ತಿದಳು.

"ಹೂಂ," ಅಂದಳು ಅಜ್ಜಿ.

ಜಯಮಾಲಾ, ಮುಂದೆ ಹೊಳೆಯ ನೀರಿದೆ, ದಾಟಬೇಕು ಎಂಬಂತೆ, ಸಲ್ವಾರಿನ ಅಂಚನ್ನು ಕಣಕಾಲಿನ ಮೇಲಕ್ಕೆ ಎತ್ತಿ ಹಿಡಿದಳು.