ಬಿಚ್ಚಿದವರು ಯಾರು?

ಅಂಬುಜಾ ಪೆಲೆಟ್ ಗುಂಡು ಇಟ್ಟು ಏರ್ ರೈಫಲ್ಲಿನ ಲಿವರ್ ಮುಚ್ಚಿದ್ದಷ್ಟೇ. ಟ್ರಿಗರಿಗೆ ಬೆರಳು ತಾಕಿಸುವ ಮೊದಲೇ ಅದು ಹಾರಿತು. ತಾರಸಿಯ ಆ ಕೊನೆಯಲ್ಲಿ, ಗುರಿಹಲಗೆಯ ಪಕ್ಕದ ಬಾಗಿಲಿನಿಂದ ಕಾಫಿ ಹಿಡಿದು ಬರುತ್ತಿದ್ದ ಗಂಡ ನಾಣಿಯ ಕಿವಿಯ ಹತ್ತಿರವೇ ಗೋಡೆಯ ಗಾರೆ ಉದುರಿತು.

ಹಿಂದಿನ ದಿನ ರೈಫಲ್ ಬಿಚ್ಚಿದ್ದವನು ನಾಣಿಯೇ. ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ಶೂಟಿಂಗ್ ಕಲಿತ ಹೆಂಡತಿಗೆ ಬೆರಳ ಗಂಟುನೋವು. ಟ್ರಿಗರ್ ಗಟ್ಟಿ ಎಂದು ಅವಳು ಒಮ್ಮೆ ಅಂದದ್ದೇ ಸಾಕಾಗಿತ್ತು. ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಅರ ಹಿಡಿದ ಕೈ ಅವನದು. ಕಂಪನಿಯ ವಾರಂಟಿ ಸ್ಟಿಕರ್ ಹರಿದು, ಟ್ರಿಗರ್ ಎಳೆಯುವವರೆಗೆ ಗುಂಡು ಹಾರದಂತೆ ತಡೆಯುವ ಒಳಗಿನ ಕೊಕ್ಕೆಯನ್ನು ನುಣ್ಣಗೆ ಉಜ್ಜಿ ಮತ್ತೆ ಕೂರಿಸಿದ್ದ. ನುಣುಪು ಸ್ವಲ್ಪ ಹೆಚ್ಚಾಗಿ ಕೊಕ್ಕೆಯ ಹಿಡಿತ ಹೋಗಿತ್ತು.

ಸಾಲದ್ದಕ್ಕೆ ರೈಫಲ್ಲಿನ ಗಾಳಿಯ ಸಿಲಿಂಡರ್ ಕೊಂಡ ದಿನದಿಂದಲೂ ಸೋರುತ್ತಿತ್ತು. ರಿಪೇರಿಗೆ ಒಯ್ಯುತ್ತ ಆಟೋದಲ್ಲಿ ಹಲಸೂರು ಕೆರೆ ದಾಟುವಾಗ ನಾಣಿ, ಯಾರೂ ಬಿಚ್ಚಿಲ್ಲ, ಟ್ರಿಗರ್ ಸಿಲಿಂಡರ್ ಎರಡೂ ಬಂದಾಗಿನಿಂದ ಹೀಗೇ ಎಂದುಬಿಡು ಎಂದು ಹೇಳಿಕೊಟ್ಟ.

ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದ್ದ ಸರ್ವಿಸ್ ಅಂಗಡಿಯ ಮುತ್ತುರಾಜ್ ರೈಫಲ್ ಮಗುಚಿ ನೋಡಿದ. ಹರಿದ ಸ್ಟಿಕರಿನ ಮೇಲೆ ಅವನ ಬೆರಳು ನಿಂತಿತು. ಬಿಚ್ಚಿದವರು ಯಾರು ಎಂದು ಕೇಳಿದ.

ನಾಣಿ ಬಾಯಿ ತೆರೆಯುವಷ್ಟರಲ್ಲಿ ಅಂಬುಜಾ ಹೇಳಿದಳು: "ನಮ್ಮ ಯಜಮಾನ್ರು. ಟ್ರಿಗರ್ ಕೆಟ್ಟಿರೋದು ನಮ್ಮಿಂದ, ಅದರ ಖರ್ಚು ನಮ್ದು. ಸಿಲಿಂಡರ್ ಸೋರೋದು ನಿಮ್ಮ ಕಂಪನೀದು, ವಾರಂಟೀಲಿ ಮಾಡ್ಕೊಡಿ."

"ಸ್ಟಿಕರ್ ಹೋದ್ರೆ ವಾರಂಟಿ ಪೂರ್ತಿ ಹೋದಂಗೇ, ಮೇಡಂ."

"ನಾನು ಕ್ಲೇಮ್ ಸೆಕ್ಷನ್‌ನಲ್ಲಿದ್ದವಳಪ್ಪಾ. ಹಲ್ಲು ಕೀಳಿಸ್ಕೊಂಡವನ ಕಾಲು ಬಸ್ಸಿನಡಿ ಮುರಿದ್ರೆ, ನಿನಗೆ ಹಲ್ಲಿಲ್ಲ ಅಂತ ಕಾಲಿನ ಕ್ಲೇಮ್ ತಳ್ಳಿಹಾಕೋಕಾಗತ್ತಾ? ಸಿಲಿಂಡರನ್ನ ಯಾರೂ ಮುಟ್ಟಿಲ್ಲ. ನೀರಲ್ಲಿ ಮುಳುಗಿಸಿ ನೋಡಿ."

ಮುತ್ತುರಾಜ್ ನಗು ತಡೆದುಕೊಂಡು ಬಕೆಟ್ ತಂದ. ಸಿಲಿಂಡರಿನ ಕತ್ತಿನಿಂದ ಗುಳ್ಳೆಗಳು ಸಾಲಾಗಿ ಎದ್ದವು. ಅವನು ಕಂಪನಿಗೆ ಫೋನು ಹಚ್ಚಿ ತಮಿಳಿನಲ್ಲಿ ಬಹಳ ಹೊತ್ತು ವಾದಿಸಿದ. ಹಲ್ಲು, ಕಾಲು, ಬಸ್ಸು ಎಲ್ಲವೂ ಆ ತಮಿಳಿನಲ್ಲಿ ಬಂದವು. ಸಿಲಿಂಡರ್ ಬದಲಾಯಿಸಿ ಕೊಡಲು ಒಪ್ಪಿಗೆ ಸಿಕ್ಕಿತು.

ಹೊರಗೆ ಬಂದ ಮೇಲೆ ನಾಣಿ, ಅಪರಿಚಿತನ ಮುಂದೆ ಗಂಡನ ಮಾನ ಕಳೆಯಬೇಕಿತ್ತೇ ಎಂದು ಗೊಣಗಿದ.

"ಸಿಲಿಂಡರಿಗೋಸ್ಕರ ಹೇಳಿದ್ದಲ್ಲ ರೀ. ಬಿಚ್ಚಿಲ್ಲ ಅಂದಿದ್ರೆ ಹರಿದ ಸ್ಟಿಕರ್ ತೋರಿಸಿ ಹಾಗೇ ವಾಪಸ್ ಕಳಿಸ್ತಿದ್ರು, ಟ್ರಿಗರ್ ಒಳಗೆ ನೋಡ್ತಾನೇ ಇರ್ಲಿಲ್ಲ. ಗೋಡೆಗೆ ಬಿದ್ದಿದ್ದು ನಾಳೆ ನಿಮಗೆ ಬಿದ್ರೆ ನಾನು ಯಾರ ಹತ್ರ ಕ್ಲೇಮ್ ಕೇಳ್ಲಿ?"

ನಾಣಿ ಅವಳ ಕೈಚೀಲ ತೆಗೆದುಕೊಂಡು ನಡೆದ.

ರೈಫಲ್ ವಾಪಸು ಬಂತು. ಹೊಸ ಟ್ರಿಗರ್ ಮೊದಲಿನಷ್ಟೇ ಗಟ್ಟಿ. ಈ ಸಲ ನಾಣಿ ಅರ ಮುಟ್ಟಲಿಲ್ಲ, ಅವಳ ಬೆರಳಿಗೆ ಬಿಸಿನೀರು ಕಾಯಿಸಿ ಕೊಟ್ಟ. ತಾರಸಿಯ ಬಾಗಿಲಿಗೆ ಚಿಲಕ ಹಾಕಿ, ಹೆಂಡತಿಯ ಬೆನ್ನ ಹಿಂದೆ ಬಂದು ನಿಂತ. ಅಂಬುಜಾ ಪೆಲೆಟ್ ಇಟ್ಟು ಲಿವರ್ ಮುಚ್ಚಿದಳು. ಸದ್ದಿಲ್ಲ.

"ಮುಚ್ಚಿ ಆಯ್ತು," ಎಂದಳು, ಗುರಿಯಿಂದ ನೋಟ ತೆಗೆಯದೆ. "ಇನ್ನು ನೀವು ಕಣ್ಣು ಬಿಡಿ."