ಅವ್ವ ಎಳೆದ ಮೊದಲ ಕರು

ಅಯೋಡಿನ್ ವಾಸನೆ ಎಲ್ಲಿ ಬಂದರೂ ನನಗೆ ಇವತ್ತಿಗೂ ಗಂಡಸಿ ಹತ್ತಿರದ ನಮ್ಮೂರಿನ ಒಂದು ಕೊಟ್ಟಿಗೆ ನೆನಪಾಗುತ್ತದೆ.

ಅವ್ವ ಆಗಷ್ಟೇ ಅರಸೀಕೆರೆಯಲ್ಲಿ ದನಗಳ ಚಿಕಿತ್ಸೆಯ ತರಬೇತಿ ಮುಗಿಸಿ, ಊರಿನಲ್ಲಿ ಆ ಕೆಲಸ ಹಿಡಿದಿದ್ದಳು. ಹೆಂಗಸು ದನಕ್ಕೆ ಮದ್ದು ಮಾಡುವುದು ಜನಕ್ಕೆ ತಮಾಷೆ. ಎರಡು ತಿಂಗಳು ಯಾರೂ ಕರೆಯಲಿಲ್ಲ. ಒಂದು ಮಧ್ಯಾಹ್ನ ಮೇಲಿನಮನೆ ಗೌಡರ ಹಸು ಕರು ಹಾಕಲಾರದೆ ಮಲಗಿಬಿಟ್ಟಿತ್ತು. ದನದ ಡಾಕ್ಟರು ಬೇಲೂರಿನ ಕಡೆ ಹೋಗಿದ್ದರು. ಬೇರೆ ದಾರಿಯಿಲ್ಲದೆ ಅವ್ವನನ್ನು ಕರೆಸಿದರು. ಅವಳ ಮದ್ದಿನ ಚೀಲ ಹಿಡಿದು ನಾನೂ ಹೋದೆ.

“ನಿನ್ ಕೈಲಿ ಆಯ್ತದೇನಮ್ಮಾ?” ಅಂದರು ಗೌಡರು.

“ಬಿಸಿನೀರು ಕೊಡ್ಸಿ ಗೌಡ್ರೇ,” ಅಂದಳು ಅವ್ವ, ಅಷ್ಟೇ.

ತೋಳಿನವರೆಗೆ ಸೋಪು ಹಚ್ಚಿ ತೊಳೆದುಕೊಂಡು ಹಸುವಿನ ಹಿಂದೆ ಮಂಡಿಯೂರಿದಳು. ಕೈ ಒಳಗೆ ಹಾಕಿ, ಮಡಚಿಕೊಂಡಿದ್ದ ಕರುವಿನ ಕಾಲನ್ನು ಕಣ್ಣು ಮುಚ್ಚಿ ಹುಡುಕಿ, ನೆಟ್ಟಗೆ ಮಾಡಿ ಎಳೆದಳು. “ತಾಳು ನನ್ನವ್ವ, ಇನ್ನೊಂಚೂರು,” ಎಂದು ಹಸುವಿಗೆ ಹೇಳುತ್ತಲೇ ಇದ್ದಳು. ಕೊನೆಗೆ ಕರು ಲೋಳೆಯ ಸಮೇತ ಅವಳ ಮಡಿಲಿಗೇ ಜಾರಿತು. ಅದು ಉಸಿರಾಡಿದ್ದನ್ನು ನೋಡಿದ ಮೇಲೆ ಹೊಕ್ಕುಳಿಗೆ ಅಯೋಡಿನ್ ಹಚ್ಚಿದಳು.

ಗೌಡರು ತಾವೇ ಒಳಗೆ ಹೋಗಿ ಕಾಫಿ ತಂದರು. “ತಗೊಳ್ಳಿ ತಾಯಿ,” ಅಂದರು.

ಬರುವಾಗ ಅವ್ವ ಇದ್ದಕ್ಕಿದ್ದಂತೆ ತೆಂಗಿನ ಮರದ ಬುಡದಲ್ಲಿ ಕೂತುಬಿಟ್ಟಳು. ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ನಾನು ಅವಳ ಎರಡೂ ಕೈಗಳನ್ನು ಹಿಡಿದುಕೊಂಡೆ.

“ಇಂಗೆ ಮಾಡೋದ್ನ ಪುಸ್ತಕದಾಗೆ ನೋಡಿದ್ದೆ ಅಷ್ಟೇ ಕಣೇ,” ಅಂದಳು ನಗುತ್ತಾ. “ಯಾರಿಗೂ ಹೇಳ್ಬ್ಯಾಡ.”