ಗಳಗನಾಥದ ಹೊನ್ನವ್ವ

ಟ್ರಂಕಿನೊಳಗಿಂದ ‘ಟಿಂಗ್’ ಎಂದಿತು. ಅಷ್ಟೇ ಸಣ್ಣ ಸದ್ದು. ಭುವನಾ ಹಾಸಿಗೆಯಲ್ಲಿ ಎದ್ದು ಕೂತಳು. ಬ್ಯಾಡಗಿ ಮಲಗಿ ಬಹಳ ಹೊತ್ತಾಗಿತ್ತು.

ಸೀರೆಗಳ ಅಡಿಯಲ್ಲಿದ್ದ ಆ ಹಳೆಯ ಫೋನಿನ ನಂಬರು ಮೇಡ್ಲೇರಿಯ ಗದಿಗೆವ್ವನದು. ಅಂಥ ಗದಿಗೆವ್ವ ಮೇಡ್ಲೇರಿಯಲ್ಲಿ ಇರಲಿಲ್ಲ. ಭುವನಾಳೇ ಅವಳನ್ನು ಹುಟ್ಟಿಸಿ, ಅಪ್ಪನ ಖಾರದ ಪುಡಿ ಅಂಗಡಿಯ ಗಿರಾಕಿಗಳ ಪಟ್ಟಿಯಲ್ಲಿ ಕೂರಿಸಿದ್ದಳು.

ತೆರೆಯ ಮೇಲೆ ಸಂದೇಶವಿತ್ತು. ‘ಗದಿಗೆವ್ವನವರೆ, ಈ ವರ್ಷದ ಖಾರದ ಪುಡಿಗೆ ರಾಣೇಬೆನ್ನೂರಿನ ನಮ್ಮ ಹೊಸ ಗಿರಣಿಗೆ ಹೇಳಿ. ಡಬ್ಬಿ ಮೆಣಸಿನಕಾಯಿ. ತೊಟ್ಟು ಬಿಡಿಸಿ, ಬೀಜ ಉಳಿಸಿ, ನಿಮಗೆ ಬೇಕಾದಂತೆಯೇ.’

ತೊಟ್ಟು ಬಿಡಿಸಿ, ಬೀಜ ಉಳಿಸಿ. ಅದೂ ಭುವನಾ ಕಟ್ಟಿದ ಸುಳ್ಳೇ. ಆ ಸುಳ್ಳು ಮನೆಯ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಯಾಕೆ ತಪ್ಪಿಹೋಗುತ್ತಿದ್ದಾರೆಂದು ಈಗ ಗೊತ್ತಾಯಿತು. ಯಾರೋ ಅವರ ಹೆಸರು, ನಂಬರು ಎತ್ತಿಕೊಡುತ್ತಿದ್ದರು.

ಯಾರು? ಉತ್ತರ ಗೊತ್ತಿತ್ತು. ಅದಕ್ಕೇ ನಿದ್ದೆ ಬರಲಿಲ್ಲ.

ಹೋದ ವರ್ಷದವರೆಗೆ ಗಿರಾಕಿಗಳ ಹೆಸರು, ರುಚಿ, ಅವರಿಗೆ ಕಳಿಸುವ ಸಂದೇಶ ಎಲ್ಲವೂ ದೂರದ ಯಾವುದೋ ಕಂಪನಿಯ ಸಾಫ್ಟ್‌ವೇರಿನಲ್ಲಿದ್ದವು. ಬಾಡಿಗೆ ವರ್ಷವರ್ಷ ಏರುತ್ತಿತ್ತು. ಒಮ್ಮೆ ಕಟ್ಟುವುದು ತಡವಾಗಿ, ನಡು ಸುಗ್ಗಿಯಲ್ಲಿ ಇವರ ಗಿರಾಕಿಗಳೇ ಇವರಿಗೆ ಕಾಣದಂತೆ ಆ ಕಂಪನಿ ಬಾಗಿಲು ಹಾಕಿಕೊಂಡಿತು. ಆಗ ಬಂದವಳು ಹುಮಾ. ಹಾವೇರಿಯ ಕಾಲೇಜಿನಲ್ಲಿ ಭುವನಾಳಿಗಿಂತ ಒಂದು ವರ್ಷ ಚಿಕ್ಕವಳು. ಬಳಸಿದ ಪುಟ್ಟ ಕಂಪ್ಯೂಟರೊಂದನ್ನು ತಂದು, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ತುಂಬಿ, ಇನ್ವರ್ಟರ್ ಇದ್ದ ದೇವರ ಕೋಣೆಯಲ್ಲೇ ಇಟ್ಟಳು.

“ಬಾಡಿಗಿ ಮನಿ ಬಿಟ್ಟು ಸ್ವಂತ ಮನಿಗೆ ಬಂದಂಗಾತು ನೋಡ ಅಕ್ಕಾ. ಇನ್ನ ನಿಮ್ಮ ಗಿರಾಕಿ ಹೆಸರು ಈ ಮನಿ ಬಿಟ್ಟು ಹೊರಗ ಹೋಗಂಗಿಲ್ಲ.”

ಅಪ್ಪ ಅಂದಾನೆಪ್ಪ ವಿಭೂತಿ ಹಚ್ಚಿಕೊಳ್ಳುತ್ತಲೇ ನಕ್ಕಿದ್ದರು. “ದೇವರ ಮಗ್ಗಲಕ ಕುಂತೈತಿ, ಇದಕ್ಕೂ ಒಂದ್ ಹೂವ ಏರಿಸ್ತೇನಿ ಬಿಡು. ಅಕ್ಷರ ಒಂದೀಟ ದೊಡ್ಡೂ ಮಾಡವಾ, ಪೂಜಿ ಮಾಡ್ಕೋತ ಗಿರಾಕಿ ದರ್ಶನಾನೂ ಆಗಲಿ.” ಹುಮಾ ಅವರಿಗೆಂದೇ ಅಕ್ಷರ ದೊಡ್ಡದು ಮಾಡಿಕೊಟ್ಟಳು. ಆದರೂ ಅವರಿಗೆ ಯಂತ್ರದ ಸಂದೇಶದಲ್ಲಿ ನಂಬಿಕೆ ಬರಲಿಲ್ಲ. ಫೋನು ಹಿಡಿದು, ಎರಡು ಸಲ ಕೆಮ್ಮಿ, “ಶರಣ್ರೀ” ಎಂದು ಬಾಯಿಬಿಟ್ಟು ಕರೆದರೆ ಮಾತ್ರ ಗಿರಾಕಿ ಬರುತ್ತಾರೆ ಎನ್ನುವವರು.

ಆದರೆ ಮಗಳ ದುಡಿತದಲ್ಲಿ ನಂಬಿಕೆಯಿತ್ತು. “ಈ ಸುಗ್ಗಿ ಮುಗೀಲಿ. ಅಂಗಡಿ ಬೋರ್ಡಿನ ಮ್ಯಾಲ ನಿನ್ನ ಹೆಸರು ಬರಸ್ತೇನಿ” ಎಂದಿದ್ದರು. ಭುವನಾ ಆ ಮಾತಿನ ಮೇಲೇ ಬದುಕುತ್ತಿದ್ದಳು.

ಭಾನುವಾರ ಅಣ್ಣ ವಿಜಯಮಹಾಂತೇಶ ರಾಣೇಬೆನ್ನೂರಿನಿಂದ ಊಟಕ್ಕೆ ಬಂದ. ಅಲ್ಲಿ ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ರೊಟ್ಟಿ ಮುರಿಯುವುದಕ್ಕಿಂತ ಸೀನಿದ್ದೇ ಹೆಚ್ಚು. ಬ್ಯಾಡಗಿಯಲ್ಲಿ ಯಾಕೆ ಸೀನುತ್ತೀ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಊರ ಗಾಳಿಯೇ ಖಾರ.

“ನಮ್ಮ ಗಿರಾಕಿ ಹೆಸರು ಯಾರೋ ಕದೀಲಾಕತ್ತಾರ ಅಪ್ಪಾ. ಒಬ್ಬಾಕಿ ಗಿರಾಕಿನ ಹೇಳಿದ್ಲು” ಎಂದಳು ಭುವನಾ. ಫೋನಿನ ಸುದ್ದಿ ಎತ್ತಲಿಲ್ಲ.

ಅಪ್ಪನ ತುತ್ತು ಅರ್ಧಕ್ಕೆ ನಿಂತಿತು. “ಯಾರ ಮ್ಯಾಲ ಸಂಶೇ?”

“ಹುಮಾನ ಮ್ಯಾಲ.”

“ಹೊರಗಿನವ್ರನ್ನ ದೇವರ ಕೋಣಿತನಕ ಬಿಟ್ರ ಹಿಂಗ ಆಗೂದು” ಎಂದು ಅಪ್ಪ ತಟ್ಟೆ ನೋಡುತ್ತ ಅಂದರು. ಅಣ್ಣ ಮತ್ತೊಮ್ಮೆ ಸೀನಿದ.

ಮರುದಿನ ಹುಮಾ ಬಂದಳು. ಭುವನಾ ಹೇಳಿದ್ದನ್ನೆಲ್ಲ ಕೇಳಿದಳು. ಅಳಲಿಲ್ಲ, ಜಗಳಾಡಲಿಲ್ಲ. ಒಮ್ಮೆ ದೇವರ ಕೋಣೆಯತ್ತ ನೋಡಿದಳು. ಒಳಗೆ ಅಪ್ಪನ ಪೂಜೆಯ ಗಂಟೆಯ ಸದ್ದು ಅರ್ಧಕ್ಕೆ ನಿಂತಿತ್ತು.

“ನನ್ನ ಪಾಸ್‌ವರ್ಡ್ ಅಳಿಸಿಬಿಡ ಅಕ್ಕಾ. ಆದ್ರ ನಾ ಅಂದಿದ್ದ ಮಾತು ನೆನಪಿಟ್ಕೋ. ಹೆಸರು ಮನಿ ಬಿಟ್ಟು ಹೊರಗ ಹೋಗಂಗಿಲ್ಲ ಅಂದಿದ್ದೆ. ಹೋಗಿಲ್ಲ.”

ಸಿಕ್ಕಿಬಿದ್ದ ಮೇಲೂ ಎಂಥ ಸೊಕ್ಕು! ಭುವನಾಳ ಕಣ್ಣು ತುಂಬಿತು. ಹಾಸ್ಟೆಲಿನಲ್ಲಿ ಒಂದೇ ಡಬ್ಬಿಯ ಬುತ್ತಿ ಉಂಡವಳು ಇವಳು. ಹುಮಾ ಚಪ್ಪಲಿ ಮೆಟ್ಟಿ ಹೋದಳು.

ಅಂದೇ ಭುವನಾ ಹುಮಾಳ ಪಾಸ್‌ವರ್ಡ್ ಅಳಿಸಿದಳು. ಗದಿಗೆವ್ವನನ್ನೂ ಅಳಿಸಿ, ಅದೇ ನಂಬರಿಗೆ ಗಳಗನಾಥದ ಹೊನ್ನವ್ವ ಎಂಬ ಹೊಸಬಳನ್ನು ಹುಟ್ಟಿಸಿದಳು. ಹುಮಾಳಿಗೆ ಗೊತ್ತಿರದ ಈ ಹೆಸರಿಗೆ ಇನ್ನು ಫೋನು ಮಾತಾಡುವುದಿಲ್ಲವೆಂದು ತನಗೆ ತಾನೇ ತೋರಿಸಿಕೊಳ್ಳಬೇಕಿತ್ತು.

ಫೋನು ಸುಮ್ಮನಾಯಿತು. ದಿನಗಳು ಹೋದವು. ಕದ್ದವಳು ಸಿಕ್ಕಳೆಂಬ ಸಮಾಧಾನ ಮಾತ್ರ ಬರಲಿಲ್ಲ. ಎದೆಯಲ್ಲಿ ಖಾರ ಕೂತಂತೆ ಉರಿ.

ಒಂದು ಮಧ್ಯಾಹ್ನ, ಅಪ್ಪ ಮಾರ್ಕೆಟ್ಟಿಗೆಂದು ಹೋದ ಹೊತ್ತಿನಲ್ಲಿ, ಟ್ರಂಕು ಗುಯ್ಯೆಂದಿತು. ಈ ಸಲ ಸಂದೇಶವಲ್ಲ, ಕರೆ. ಗೊತ್ತಿಲ್ಲದ ನಂಬರು. ಭುವನಾ ಸೆರಗನ್ನು ಬಾಯಿಗೆ ಒತ್ತಿಕೊಂಡು ದನಿ ಬದಲಿಸಿದಳು.

“ಯಾರ್ರಿ?”

ಆ ಕಡೆ ಗಿರಣಿಯ ಗದ್ದಲ. ಅದರ ನಡುವೆ ದೂರದಲ್ಲಿ ಯಾರೋ ಸೀನಿದರು. ಆಮೇಲೆ, ಫೋನಿನ ತೀರ ಹತ್ತಿರ, ಎರಡು ಸಲ ಕೆಮ್ಮು.

“ಶರಣ್ರೀ ಹೊನ್ನವ್ವಾರ. ನಮ್ಮ ಅಂಗಡಿ ರಾಣೇಬೆನ್ನೂರಿಗೆ ಬಂದೈತ್ರಿ. ಇನ್ನ ಮ್ಯಾಲ ನಮ್ಮ ಮಗಾ ನೋಡ್ಕೋತಾನ. ಮಗಳೇನ್ರಿ, ಇವತ್ತಿಲ್ಲ ನಾಳಿ ಕೊಟ್ಟ ಮನಿಗೆ ಹೋಗಾಕಿ. ನೀವು ಇಲ್ಲೇ ಬರ್ರಿ, ಆತಿಲ್ರಿ?”

“ಆತ್ರಿ, ಬರ್ತೇನಿ” ಎಂದಳು ಗಳಗನಾಥದ ಹೊನ್ನವ್ವ.

ಸಂಜೆ ಅಂದಾನೆಪ್ಪ ಕೈಕಾಲು ತೊಳೆದುಕೊಂಡು ಬಂದು, ಮಗಳು ಕೊಟ್ಟ ಚಹಾ ಹಿಡಿದು ಕೇಳಿದರು. “ಆಕಿ ಹೋದ ಮ್ಯಾಲ ಎಲ್ಲಾ ಸುಮ್ಮನಾತಲ್ಲ?”

“ಸುಮ್ಮನಾತಪ್ಪಾ.”

ಅವರು ದೇವರ ಕೋಣೆಗೆ ಹೋದರು. ಗಂಟೆಯ ಸದ್ದು ಶುರುವಾಯಿತು, ಅರ್ಧಕ್ಕೆ ನಿಂತಿತು. ದೊಡ್ಡ ಅಕ್ಷರಗಳ ಬೆಳಕು ಗೋಡೆಯ ಮೇಲೆ ಬಿತ್ತು. ಹೆಸರುಗಳು ನಿಜಕ್ಕೂ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಭುವನಾ ನಿರ್ಧರಿಸಿದಳು.

ಹುಮಾಳಿಗೂ.